ನಡುಹಗಲಿನ ನೀರು

ಗೆಲ್ಲಾಲಾ, ಜೆರ್ಬಾ ದ್ವೀಪ
14 ಮಾರ್ಚ್ 1982

ಡಾಕ್ಟರ್ ನಜೀಹಾ ಅವರಿಗೆ ಸಲಾಂ.

ನಾನು ಸಾಸಿ, ಕುಂಬಾರ, ನೀವು ಉಸ್ತಾ, ಕೆಲಸ ಬಲ್ಲವನು, ಎಂದು ಕರೆಯುತ್ತಿದ್ದವನು. ಕಳೆದ ಬೇಸಿಗೆಯಲ್ಲಿ ನಿಮ್ಮ ವಾರ್ಡಿನ ಕಿಟಕಿ ಪಕ್ಕದ ಮಂಚದಲ್ಲಿದ್ದವನು. ಊರಿನವರೆಲ್ಲ ಒಳಗೆ ನಿಲ್ಲುವಂಥ ಗುಡಾಣ ಕಟ್ಟುತ್ತೇನೆಂದು ಹೊರಟು, ನಿದ್ದೆಗೆಟ್ಟು ಮಣ್ಣು ಹೊತ್ತು, ಕೊನೆಗೆ ಮಸೀದಿಯ ಶೇಖ್ ಸಾಲಿಹರನ್ನು ಎತ್ತಿ ಅದರೊಳಗೆ ಇಳಿಸಲು ಹೋಗಿ, ಭಾವ ಫರ್ಹಾತನ ಕಾರಿನಲ್ಲಿ ಕೈ ಕಟ್ಟಿಸಿಕೊಂಡು ಟ್ಯೂನಿಸ್ಸಿಗೆ ಬಂದವನು. ಹೊರಡುವ ದಿನ ನೀವು, “ಏನಿದ್ರೂ ಬರೀರಿ, ಇದು ಸಣ್ಣದು ಅದು ದೊಡ್ಡದು ಅಂತ ನೀವೇ ತೀರ್ಮಾನ ಮಾಡ್ಬೇಡಿ” ಅಂದಿದ್ದಿರಿ. ಹಾಗಾಗಿ ಬರೆಯುತ್ತಿದ್ದೇನೆ.

ತಲೆ ಚೆನ್ನಾಗಿದೆ. ಮನಸ್ಸು ಹದ್ದು ಮೀರದಂತೆ ನೀವು ಕೊಟ್ಟ ಲಿಥಿಯಂ ಮಾತ್ರೆ ಒಂದು ದಿನವೂ ಬಿಟ್ಟಿಲ್ಲ. ರಾತ್ರಿಯಾದರೆ ಮಲಗುತ್ತೇನೆ, ಬೆಳಗಾದರೆ ಏಳುತ್ತೇನೆ, ನನ್ನ ಹೆಂಡತಿ ಮಬ್ರೂಕಾ ಬೈದರೆ ಮಾತ್ರ ಬಾಯಿ ತೆರೆಯುತ್ತೇನೆ. ತೊಂದರೆ ಇರುವುದು ಕೈಯಲ್ಲಿ. ಚಹಾದ ಲೋಟ ಹಿಡಿದಾಗ ಗೊತ್ತಾಗುವುದಿಲ್ಲ. ತಿಗರಿಯ ಮೇಲೆ ಹೂಜಿಯ ಗೋಡೆ ತೆಳುವಾಗುತ್ತ ಬಂದಾಗ ಬೆರಳ ತುದಿ ಸಣ್ಣಗೆ ನಡುಗುತ್ತದೆ, ಮಣ್ಣಿನ ಮೈಮೇಲೆ ಗೆರೆ ಮೂಡುತ್ತದೆ, ಗಾಳಿ ಬೀಸಿದ ಮರಳಿನ ಮೇಲೆ ಮೂಡುವಂಥದ್ದು. ನೋಡಲು ಕೆಟ್ಟದಾಗಿಲ್ಲ. ಪ್ರವಾಸಕ್ಕೆ ಬಂದ ಜರ್ಮನ್ ಹೆಂಗಸೊಬ್ಬಳು ಆರಿಸಿ ಆರಿಸಿ ಅದನ್ನೇ ಕೊಂಡಳು. ಆದರೆ ಅದು ನಾನು ಮಾಡಿದ್ದಲ್ಲ, ಮಾತ್ರೆ ಮಾಡಿದ್ದು.

ಇನ್ನೆರಡು ಪ್ರಶ್ನೆ. ಲಿಥಿಯಂ ಕಲ್ಲಿನಿಂದ ಬರುತ್ತದೆ ಎಂದು ನಿಮ್ಮ ನರ್ಸ್ ಹೇಳಿದ್ದರು. ನಮ್ಮ ಮನೆತನದವರು ಗುಡ್ಡ ಕೊರೆದು ಮಣ್ಣು ತೆಗೆದೇ ಬದುಕಿದವರು. ಮಣ್ಣು ಏನೇನು ಮಾಡಬಲ್ಲದೆಂದು ಗೊತ್ತು. ಕಲ್ಲು ಮನಸ್ಸನ್ನು ಹಿಡಿದು ಕೂರಿಸುವುದು ಹೇಗೆಂದು ಗೊತ್ತಿಲ್ಲ. ಎರಡನೆಯದು: ಆ ದೊಡ್ಡ ಗುಡಾಣ ಕಟ್ಟುವಾಗ ನನ್ನ ಕೈಗೆ ಒಂದು ಬಾಗು ಸಿಕ್ಕಿತ್ತು, ಹೆಗಲಿನಿಂದ ಕುತ್ತಿಗೆಗೆ ಏರುವ ಬಾಗು. ನಮ್ಮಪ್ಪನಿಗೂ ಸಿಗದದ್ದು. ಈಗ ಹುಡುಕಿದರೂ ಸಿಗುವುದಿಲ್ಲ. ಅದು ನನ್ನದೋ, ಕಾಯಿಲೆಯದೋ?

ನಿಮ್ಮ ಸಾಸಿ


ಟ್ಯೂನಿಸ್
29 ಮಾರ್ಚ್ 1982

ಉಸ್ತಾ ಸಾಸಿಯವರಿಗೆ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ, ಒಮ್ಮೆ ವೈದ್ಯೆಯಾಗಿ, ಒಮ್ಮೆ ಸುಮ್ಮನೆ.

ಲಿಥಿಯಂ ಒಂದು ಬಗೆಯ ಉಪ್ಪು, ನಾವು ಅಡುಗೆಗೆ ಹಾಕುವ ಉಪ್ಪಿನ ಹತ್ತಿರದ ನೆಂಟ. ಎಷ್ಟು ಹತ್ತಿರವೆಂದರೆ ನಮ್ಮ ಮೂತ್ರಪಿಂಡಗಳಿಗೆ ಇದು ಯಾವುದು, ಅದು ಯಾವುದು ಎಂದು ಸರಿಯಾಗಿ ಬೇರ್ಪಡಿಸಲು ಬರುವುದಿಲ್ಲ. ಅದು ಮನಸ್ಸನ್ನು ಹೇಗೆ ಹಿಡಿದು ಕೂರಿಸುತ್ತದೆ ಎಂಬುದು ನನಗೂ ಗೊತ್ತಿಲ್ಲ, ನನಗೆ ಕಲಿಸಿದವರಿಗೂ ಗೊತ್ತಿರಲಿಲ್ಲ. ಕಡಿಮೆಯಾದರೆ ಕೆಲಸ ಮಾಡುವುದಿಲ್ಲ, ತುಸು ಹೆಚ್ಚಾದರೆ ವಿಷ, ಇಷ್ಟು ಗೊತ್ತು. ನಡುವಿನ ಓಣಿ ಬಹಳ ಕಿರಿದು. ರಕ್ತ ಪರೀಕ್ಷೆ ತಪ್ಪಿಸಬೇಡಿ ಎಂದು ನಾನು ಪೀಡಿಸುವುದು ಅದಕ್ಕೇ.

ನಿಮ್ಮ ಕೈಯ ವಿಷಯವನ್ನು ನರರೋಗ ವಿಭಾಗದ ತಿಜಾನಿಯವರ ಬಳಿ ಹೇಳಿದೆ. “ಕೈ ನಡುಗಿದ್ರೆ ನನ್ನ ರೋಗಿ, ಮನಸ್ಸು ನಡುಗಿದ್ರೆ ನಿಮ್ಮ ರೋಗಿ. ಈ ಮನುಷ್ಯ ಯಾರಿಗೆ ಸೇರ್ಬೇಕು?” ಎಂದು ಕೇಳಿದರು. “ಅವರ ಹೆಂಡ್ತಿಗೆ” ಎಂದೆ. ಲಿಥಿಯಂನಿಂದ ಬರುವ ಸಣ್ಣ ನಡುಕ ಸಾಮಾನ್ಯವಂತೆ, ಅಪಾಯವಿಲ್ಲವಂತೆ. ಹೃದಯಕ್ಕೆ ಕೊಡುವ ಒಂದು ಮಾತ್ರೆಯನ್ನು ಸಣ್ಣ ಪ್ರಮಾಣದಲ್ಲಿ ಕೊಟ್ಟರೆ ಕಡಿಮೆಯಾಗುತ್ತದೆಯಂತೆ. ಚೀಟಿ ಇದರೊಂದಿಗಿದೆ.

ಬಾಗಿನ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಸಿಕ್ಕರೆ ತಿಳಿಸಿ.

ನಜೀಹಾ


ಗೆಲ್ಲಾಲಾ
2 ಮೇ 1982

ಡಾಕ್ಟರ್ ನಜೀಹಾ ಅವರಿಗೆ,

ಕೈ ಹಿಡಿತಕ್ಕೆ ಬಂತು. ತಿಜಾನಿ ಡಾಕ್ಟರಿಗೆ ಒಂದು ಹೂಜಿ ಕಳಿಸುತ್ತೇನೆ, ಗೆರೆಯಿಲ್ಲದ್ದು. ಉಪ್ಪಿನ ವಿಷಯ ಓದಿ ನನಗೆ ಆಶ್ಚರ್ಯವಾಗಲಿಲ್ಲ. ಬಾವಿಯ ಸಿಹಿನೀರಿನಲ್ಲಿ ಮಣ್ಣು ಕಲಸಿದರೆ ಮಡಕೆ ಕೆಂಪಗೆ ಸುಡುತ್ತದೆ. ಅದೇ ಮಣ್ಣನ್ನು ಸಮುದ್ರದ ನೀರಿನಲ್ಲಿ ಕಲಸಿದರೆ ಬೆಳ್ಳಗಾಗುತ್ತದೆ. ಒಂದು ಹಿಡಿ ಉಪ್ಪಿಗೆ ಮಡಕೆಯೇ ಬದಲಾದರೆ ಮನುಷ್ಯ ಯಾವ ದೊಡ್ಡವನು.

ಈಗ ಕೇಳಬೇಕಾದ್ದನ್ನು ಕೇಳುತ್ತೇನೆ. ಜೂನ್ ಕೊನೆಗೆ ರಮದಾನ್ ಬರುತ್ತದೆ. ಕಳೆದ ವರ್ಷ ಆ ತಿಂಗಳೆಲ್ಲ ನಿಮ್ಮ ಆಸ್ಪತ್ರೆಯಲ್ಲಿ ನಡುಹಗಲಿಗೆ ಉಂಡುಕೊಂಡು ಮಲಗಿದ್ದೆ. ಊರಿಗೆ ಬಂದ ಮೇಲೆ ಎಲ್ಲರೂ ಒಳ್ಳೆಯ ಮಾತನ್ನೇ ಆಡುತ್ತಾರೆ. ಆದರೆ ಕಾಫಿ ಅಂಗಡಿಯಲ್ಲಿ ಇಸ್ಪೀಟಿಗೆ ನಾಲ್ಕನೆಯವನು ಬೇಕಾದಾಗ ನನ್ನ ತಲೆಯ ಮೇಲಿಂದ ಆಚೆ ನೋಡುತ್ತಾರೆ. ಈ ಸಲ ಉಪವಾಸ ಮಾಡಬಹುದೇ? ನಮ್ಮ ಕುಂಬಾರ ಕೋಣೆ ಅರ್ಧ ನೆಲದೊಳಗಿದೆ, ಬಾವಿಯ ಹಾಗೆ ತಂಪು. ಬಾಯಾರಿಕೆಯೂ ಆಗುವುದಿಲ್ಲ.

“ಬೇಡ ಅಂತಾರೆ ನೋಡಿ” ಎಂದು ಮಬ್ರೂಕಾ ಹೇಳುತ್ತಿದ್ದಾಳೆ. ಅವಳ ಮಾತು ಸುಳ್ಳು ಮಾಡಿ.

ಸಾಸಿ


ಟ್ಯೂನಿಸ್
20 ಮೇ 1982

ಉಸ್ತಾ ಸಾಸಿಯವರಿಗೆ,

ಬಹಳ ಯೋಚಿಸಿದೆ. ಲಿಥಿಯಂ ತೆಗೆದುಕೊಂಡು ಉಪವಾಸ ಮಾಡುವುದರ ಬಗ್ಗೆ ಪುಸ್ತಕಗಳಲ್ಲಿ ಹುಡುಕಿದರೆ ಒಂದು ಸಾಲೂ ಇಲ್ಲ. ಆ ಪುಸ್ತಕ ಬರೆದವರು ಉಪವಾಸ ಮಾಡುವವರಲ್ಲ. ನಮ್ಮ ಆಸ್ಪತ್ರೆಯಲ್ಲಿ ಒಬ್ಬೊಬ್ಬ ವೈದ್ಯರದು ಒಂದೊಂದು ಮಾತು. ಬೇಡ ಎಂದರೆ ರೋಗಿಗಳು ಹೇಳದೆ ಮಾಡುತ್ತಾರೆ, ಮಾತ್ರೆಯನ್ನೂ ಬಿಡುತ್ತಾರೆ ಎಂಬುದನ್ನು ಮಾತ್ರ ಎಲ್ಲರೂ ಕಂಡಿದ್ದೇವೆ.

ಕೋಣೆ ತಂಪಾಗಿದೆ ಎಂದಿದ್ದೀರಿ. ಅದನ್ನು ನಂಬಿ ಹೇಳುತ್ತಿದ್ದೇನೆ: ಮಾಡಿ. ಮಾತ್ರೆಗಳನ್ನೆಲ್ಲ ಸೂರ್ಯ ಮುಳುಗಿದ ಮೇಲೆ, ಊಟದ ಜೊತೆ. ಬೆಳಗಿನ ಜಾವದವರೆಗೆ ಸಾಕುಸಾಕೆನಿಸುವಷ್ಟು ನೀರು. ಸಾರಿಗೆ ಉಪ್ಪು ಕಡಿಮೆ ಮಾಡಬೇಡಿ. ಮೊದಲ ವಾರ ಕಳೆದ ಕೂಡಲೆ ನಿಮ್ಮ ದ್ವೀಪದ ಪೇಟೆಯ ಆಸ್ಪತ್ರೆಗೆ ಹೋಗಿ ಪರೀಕ್ಷೆಗೆ ರಕ್ತ ಕೊಡಿ, ಅವರು ಇಲ್ಲಿಗೆ ಕಳಿಸುತ್ತಾರೆ. ಮೈಗೆ ಸರಿಯಿಲ್ಲ ಎನಿಸಿದರೆ ಅದೇ ಗಳಿಗೆಗೆ ಉಪವಾಸ ಬಿಡಬೇಕು.

ಮಬ್ರೂಕಾ ಅವರಿಗೆ ಈ ಪತ್ರ ಓದಿ ಹೇಳಿ, ಪೂರ್ತಿ.

ನಜೀಹಾ


ಗೆಲ್ಲಾಲಾ
3 ಜುಲೈ 1982

ಡಾಕ್ಟರ್ ನಜೀಹಾ ಅವರಿಗೆ,

ಉಪವಾಸ ಚೆನ್ನಾಗಿ ನಡೆದಿದೆ. ಮೊದಲ ಸಂಜೆ ಫರ್ಹಾತನ ಮನೆಯಲ್ಲಿ ಎಲ್ಲರ ಜೊತೆ ಕೂತು ಖರ್ಜೂರ ಬಾಯಿಗಿಟ್ಟೆ. ಆಮೇಲೆ ಕಾಫಿ ಅಂಗಡಿಯಲ್ಲಿ, “ಸಾಸಿ, ಬಾ ಕೂತ್ಕೋ, ಇಸ್ಪೀಟೆಲೆ ಹಾಕ್ತೀವಿ” ಎಂದು ಕರೆದರು. ಎರಡಾಟ ಗೆದ್ದೆ. ಮನಸ್ಸು ಹಗುರಾಗಿದೆ. ಕೆಲಸವೂ ಇದೆ. ಉಳಿದದ್ದು ಮುಂದೆ ಬರೆಯುತ್ತೇನೆ.

ಸಾಸಿ


ಟ್ಯೂನಿಸ್
9 ಜುಲೈ 1982

ಉಸ್ತಾ ಸಾಸಿಯವರಿಗೆ,

ನಿಮ್ಮ ರಕ್ತ ಇನ್ನೂ ಬಂದಿಲ್ಲ. ಪೇಟೆಯ ಆಸ್ಪತ್ರೆಗೆ ಫೋನ್ ಮಾಡಿದರೆ ನೀವು ಹೋಗಿಯೇ ಇಲ್ಲ ಎಂದರು. ಪತ್ರವೂ ಚುಟುಕು, ಒಂದು ಪ್ರಶ್ನೆಯೂ ಇಲ್ಲ. ಪ್ರಶ್ನೆ ಕೇಳದ ಸಾಸಿಯವರನ್ನು ನಾನು ವಾರ್ಡಿನಲ್ಲಿ ನೋಡಿದ್ದು ಒಮ್ಮೆ ಮಾತ್ರ, ಮನಸ್ಸು ಕುಸಿದು ಗೋಡೆಗೆ ಮುಖ ಮಾಡಿ ಮಲಗಿದ್ದ ಆ ಎರಡು ವಾರ. “ಹಗುರಾಗಿದೆ” ಎಂದು ನನ್ನ ಸಮಾಧಾನಕ್ಕೆ ಬರೆದಿರಾ? ಏನೂ ಬೇಡ ಎನಿಸುತ್ತಿದೆಯೇ? ಬೆಳಿಗ್ಗೆ ಏಳಲು ಕಷ್ಟವೇ? ಹಾಗಿದ್ದರೆ ಇನ್ನೊಂದು ಔಷಧಿ ಸೇರಿಸಬಹುದು. ನಾಚಿಕೆ ಪಡದೆ ಬರೆಯಿರಿ.

ನಜೀಹಾ


ಗೆಲ್ಲಾಲಾ
13 ಜುಲೈ 1982

ಡಾಕ್ಟರ್ ನಜೀಹಾ ಅವರಿಗೆ,

ನನಗೆ ದುಃಖವಿಲ್ಲ, ಸಿಟ್ಟಿದೆ. ರಕ್ತ ಕೊಡದಿದ್ದದ್ದು ನಿಜ. ಸೂಜಿ ಚುಚ್ಚಿಸಿಕೊಂಡರೆ ಉಪವಾಸ ಮುರಿಯುತ್ತದೆ ಎಂದು ಯಾರೋ ಅಂದರು, ಕೆಲಸವೂ ಇತ್ತು, ಬಿಟ್ಟೆ. ಈಗ ನನಗೆ ಬೇಕಾಗಿರುವುದು ನಿಮ್ಮ ಸಹಿಯಿರುವ ಒಂದು ಸರ್ಟಿಫಿಕೇಟು. ಈ ಮನುಷ್ಯ ಹೆಂಡ ಮುಟ್ಟುವುದಿಲ್ಲ ಎಂದು ಬರೆದು, ಆಸ್ಪತ್ರೆಯ ಮುದ್ರೆ ಒತ್ತಿ ಕಳಿಸಿ.

ನಡೆದದ್ದು ಹೇಳುತ್ತೇನೆ. ಹೊಸ ಹೋಟೆಲಿಗೆ ಹೂಕುಂಡಗಳು ಬೇಕಂತೆ, ಎರಡು ಆವಿಗೆ ಒಟ್ಟಿಗೆ ಹಚ್ಚಿದ್ದೇವೆ. ಬೆಂಕಿಯ ಬಾಯಿಗೆ ಖರ್ಜೂರದ ಗರಿ ತಳ್ಳುವವನು ನಾನು. ಬೆವರು ಹೋಗೀ ಹೋಗೀ ಈಗ ಬೆವರೂ ಬರುವುದಿಲ್ಲ. ಅಲ್ಲಿಂದ ಮಸೀದಿಗೆ ಹೊರಟರೆ ಕಾಲು ನಾನು ಇಟ್ಟಲ್ಲಿ ಬೀಳುವುದಿಲ್ಲ. ಗುರುವಾರ ಕಾಫಿ ಅಂಗಡಿಯ ಗೋಡೆಗೆ ಹೆಗಲು ಬಡಿದು ಕೂತುಬಿಟ್ಟೆ. ಹುಡುಗರು ನಕ್ಕರು. ಶೇಖ್ ಸಾಲಿಹರಿಗೆ ಸಲಾಂ ಹೇಳಿದರೆ ನಾಲಗೆ ಒದ್ದೆ ಬಟ್ಟೆಯ ಹಾಗಾಗಿ ಹೊರಳಲಿಲ್ಲ. ಅವರು ನನ್ನ ಮುಖ ನೋಡಿ ಸಲಾಮಿಗೆ ಉತ್ತರ ಕೊಡದೆ ಹೋದರು.

ಮನೆಗೆ ಫರ್ಹಾತ ಬಂದ. “ಸಾಸಿ, ಬಾಯಿ ತೆರಿ” ಎಂದ. ತೆರೆದೆ. ಮೂಸಿದ. “ಏನೂ ಇಲ್ವಲ್ಲ” ಎಂದಳು ಮಬ್ರೂಕಾ. “ಲಾಗ್ಮಿ ಹೆಂಡ ಆವತ್ತೇ ಮರದಿಂದ ಇಳಿಸಿದ್ದಾದ್ರೆ ವಾಸನೆ ಬರಲ್ಲಮ್ಮ” ಎಂದ ಅವಳಣ್ಣ. “ಹುಚ್ಚು ಅಂದ್ರೆ ದೇವರು ಕೊಟ್ಟಿದ್ದು, ನಾನೇ ಕರ್ಕೊಂಡು ಹೋಗಿ ವಾಸಿ ಮಾಡಿಸ್ದೆ. ಇದು ಇವನೇ ತಂದ್ಕೊಂಡಿದ್ದು. ಅದೂ ಈ ತಿಂಗಳಲ್ಲಿ.” ಅವತ್ತಿನಿಂದ ಮಾತಿಲ್ಲ. ಇಸ್ಪೀಟೂ ಇಲ್ಲ.

ರಾತ್ರಿ ಉಂಡದ್ದು ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ, ಬಿಸಿಲಿಗೆ ಇರಬೇಕು. ಕೈ ಮತ್ತೆ ನಡುಗುತ್ತದೆ, ಈ ಸಲ ಬೆರಳಲ್ಲ, ಇಡೀ ತೋಳು. ಅಕ್ಷರ ಹೀಗಿರುವುದಕ್ಕೆ ಕ್ಷಮಿಸಿ. ಹಬ್ಬದೊಳಗೆ ಸರ್ಟಿಫಿಕೇಟು ತಲುಪಿದರೆ ನಾನೇ ಕಾಫಿ ಅಂಗಡಿಯ ಗೋಡೆಗೆ ಅಂಟಿಸುತ್ತೇನೆ.

ಸಾಸಿ


ತಂತಿ
ಟ್ಯೂನಿಸ್, 17 ಜುಲೈ 1982

ಮಾತ್ರೆ ಈಗಲೇ ನಿಲ್ಲಿಸಿ. ಹಗಲಾದರೂ ನೀರು ಕುಡಿಯಿರಿ, ಉಪ್ಪು ಹಾಕಿ. ತಕ್ಷಣ ಪೇಟೆ ಆಸ್ಪತ್ರೆಗೆ ಹೋಗಿ. ಅಲ್ಲಿ ಹೇಳಿದ್ದೇನೆ. ಇದು ಹೆಂಡವಲ್ಲ, ಔಷಧಿಯ ವಿಷ. ನಜೀಹಾ.


ಟ್ಯೂನಿಸ್
17 ಜುಲೈ 1982

ಉಸ್ತಾ ಸಾಸಿಯವರಿಗೆ,

ತಂತಿ ಕಳಿಸಿ ಬಂದು ಇದನ್ನು ಬರೆಯುತ್ತಿದ್ದೇನೆ. ಇದು ತಲುಪುವ ಹೊತ್ತಿಗೆ ನೀವು ಆಸ್ಪತ್ರೆಯಲ್ಲಿ ಇರುತ್ತೀರಿ ಎಂದು ನಂಬಿದ್ದೇನೆ.

ನಿಮ್ಮ ಕಾಲು, ನಾಲಗೆ, ತೋಳು, ವಾಂತಿ, ಇವೆಲ್ಲ ಒಂದೇ ಸಂಗತಿ. ಬೆವರಿನಲ್ಲಿ ಮೈಯ ಉಪ್ಪೂ ನೀರೂ ಹೋದಾಗ ಮೂತ್ರಪಿಂಡಗಳು ಉಪ್ಪನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಹತ್ತಿರದ ನೆಂಟ ಎಂದಿದ್ದೆನಲ್ಲ, ಲಿಥಿಯಂ ಅನ್ನೂ ಹಾಗೆಯೇ ಹಿಡಿದಿಡುತ್ತವೆ. ದಿನವೂ ಅದೇ ಮಾತ್ರೆ, ಆದರೆ ರಕ್ತದಲ್ಲಿ ಏರುತ್ತಲೇ ಹೋಗುತ್ತದೆ. ಏರಿದ್ದು ಮೆದುಳಿಗೆ ಹೋಗಿ ಕೂರುತ್ತದೆ. ಕುಡಿದವರ ಹಾಗೆ ಕಾಣುವುದು ಅದರಿಂದ.

ನಿಮ್ಮ ಕೋಣೆ ತಂಪಾಗಿದೆ ಎಂದು ಓದಿದ ನಾನು ಆವಿಗೆ ಎಲ್ಲಿದೆ, ಬೆಂಕಿಯ ಮುಂದೆ ಕೂರುವವರು ಯಾರು ಎಂದು ಕೇಳಲಿಲ್ಲ. ಬೆಂಕಿಯಿಲ್ಲದ ಕುಂಬಾರನುಂಟೇ? ಆಮೇಲೆ ನಿಮ್ಮ ಚುಟುಕು ಪತ್ರದಲ್ಲಿ ನಾನು ದುಃಖ ಹುಡುಕುತ್ತ ಕೂತೆ. ಮನಸ್ಸಿನ ವೈದ್ಯೆಗೆ ಎಲ್ಲವೂ ಮನಸ್ಸಿನ ಹಾಗೇ ಕಾಣುತ್ತದೆ.

ಕುಡಿಯಿರಿ. ಯಾರು ನೋಡಿದರೂ ಸರಿ.

ನಜೀಹಾ


ಟ್ಯೂನಿಸ್
6 ಆಗಸ್ಟ್ 1982

ಉಸ್ತಾ ಸಾಸಿಯವರಿಗೆ,

ನಿಮ್ಮನ್ನು ದ್ವೀಪದಿಂದ ಸಫಾಕ್ಸ್ ಆಸ್ಪತ್ರೆಗೆ ಸಾಗಿಸಿದ್ದು, ಯಂತ್ರದಿಂದ ರಕ್ತ ತೊಳೆದದ್ದು, ಈಗ ಮನೆಗೆ ಕಳಿಸಿದ್ದು ಎಲ್ಲವೂ ಅಲ್ಲಿನ ವೈದ್ಯರಿಂದ ತಿಳಿದಿದೆ. ನೀವು ಮಾತನಾಡುತ್ತಿದ್ದೀರಿ, ಊಟ ಮಾಡುತ್ತಿದ್ದೀರಿ, ನಡೆಯಲು ಗೋಡೆ ಬೇಕಾಗಿದೆ ಎಂದರು. ಉತ್ತರಕ್ಕೆ ಅವಸರವಿಲ್ಲ. ಬರೆಯಲಾಗದಿದ್ದರೆ ಯಾರ ಕೈಯಲ್ಲಾದರೂ ಬರೆಸಿ. ಬೈಯಬೇಕೆನಿಸಿದರೆ ಬೈಯಿರಿ.

ನಜೀಹಾ


ಗೆಲ್ಲಾಲಾ
30 ಆಗಸ್ಟ್ 1982

ಡಾಕ್ಟರ್ ನಜೀಹಾ ಅವರಿಗೆ,

ಇದನ್ನು ನಾನೇ ಬರೆಯುತ್ತಿದ್ದೇನೆ. ಒಂದು ಪುಟಕ್ಕೆ ಒಂದು ಬೆಳಗು ಹಿಡಿಯುತ್ತದೆ. ಬೈಯುವ ಕೆಲಸ ಮಬ್ರೂಕಾ ಮಾಡಿಯಾಗಿದೆ, ನಿಮ್ಮ ಪಾಲಿನದನ್ನೂ ನನಗೇ ಸೇರಿಸಿ.

ಆ ದಿನದ ಅರ್ಧ ನನಗೆ ನೆನಪಿಲ್ಲ, ಅವಳು ಹೇಳಿದ್ದನ್ನು ಬರೆಯುತ್ತೇನೆ. ನಿಮ್ಮ ತಂತಿ ಬಂದದ್ದು ನಡುಮಧ್ಯಾಹ್ನ. ನಮ್ಮ ಅಂಚೆಯವನು ಮೆಲ್ಲಗೆ ಓದಲಾರ, ಬೀದಿಗೆಲ್ಲ ಕೇಳಿಸಿತು. ಮಬ್ರೂಕಾ ನೀರು ತಂದಳು. ನಾನು ಬೇಡ ಎಂದೆನಂತೆ. “ಸೂರ್ಯ ಮುಳುಗ್ಲಿ. ಈಗ ಕುಡಿದ್ರೆ ಅವರು ಹೇಳಿದ್ದೇ ನಿಜ ಆಗುತ್ತೆ.” ಅವಳು ತಂತಿ ತೋರಿಸಿದಳಂತೆ. “ಕಾಗದ ಯಾರು ನೋಡ್ತಾರೆ, ಕುಡಿಯೋದನ್ನ ನೋಡ್ತಾರೆ” ಎಂದು ಎದ್ದು ಆವಿಗೆಯ ಕಡೆ ಹೊರಟೆನಂತೆ. ಕಾಫಿ ಅಂಗಡಿ ದಾಟುವಾಗ ಬಿದ್ದೆ. ಕೈಕಾಲು ಅದುರುತ್ತಿತ್ತಂತೆ, ಕಣ್ಣು ತೆರೆದೇ ಇತ್ತಂತೆ.

ಜನ ಸುತ್ತ ನಿಂತರು. ಯಾರೋ, “ನೋಡಿ, ಹಗಲಲ್ಲೇ ಏರಿದೆ” ಎಂದರು. ಮಬ್ರೂಕಾ ಹೂಜಿ ಹಿಡಿದು ಓಡಿ ಬಂದಳು. ಬೀದಿಯ ನಡುವೆ ಕೂತು, ನನ್ನ ತಲೆಯನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡು, ಗುಟುಕು ಗುಟುಕಾಗಿ ಬಾಯಿಗೆ ನೀರು ಹಾಕಿದಳು. “ಇವರು ಕುಡೀತಾರೆ ಅಂತ ಹೇಳ್ಕೊಂಡು ತಿರುಗಿದ್ರಲ್ಲ” ಎಂದಳಂತೆ. “ಹೌದು, ಕುಡೀತಿದಾರೆ. ನನ್ನ ಕೈಯಿಂದ. ಬನ್ನಿ, ಮೂಸಿ ನೋಡಿ.” ಯಾರೂ ಬರಲಿಲ್ಲ. ಫರ್ಹಾತ ಅಂಗಡಿಯೊಳಗಿದ್ದನಂತೆ. ಹೊರಗೆ ಬಂದು ಹೂಜಿಯಲ್ಲಿ ಬೆರಳದ್ದಿ ನಾಲಗೆಗಿಟ್ಟ. ಅವನದೂ ಉಪವಾಸ. ಉಪ್ಪುಪ್ಪಾಗಿತ್ತು. ಹೋಗಿ ಕಾರು ತಂದ.

ಈಗ ನನ್ನ ಸ್ಥಿತಿ. ಮಾತು ನಿಧಾನ, ತಿಳಿಯುತ್ತದೆ. ನಡೆಯುವಾಗ ಕಾಲು ಅಗಲಿಸುತ್ತೇನೆ, ದೋಣಿಯಲ್ಲಿ ನಿಂತವನ ಹಾಗೆ. ಲೋಟದ ಕಡೆ ಕೈ ಚಾಚಿದರೆ ಕೈ ಲೋಟ ದಾಟಿ ಹೋಗುತ್ತದೆ. ತಿಗರಿಯ ಮುಂದೆ ಒಂದು ದಿನ ಕೂತೆ. ಮಣ್ಣು ನಡುವಿಗೆ ನಿಲ್ಲಲೇ ಇಲ್ಲ. ಇದು ಹೋಗುತ್ತದೆಯೇ?

ಇನ್ನೊಂದು. ಸಫಾಕ್ಸಿನಲ್ಲಿ ನನಗೆ ಎಚ್ಚರವಿಲ್ಲದಿದ್ದಾಗ ಒಬ್ಬ ಹೆಂಗಸು ಬಂದು ಇಡೀ ಮಧ್ಯಾಹ್ನ ಮಂಚದ ಪಕ್ಕ ಕೂತಿದ್ದಳಂತೆ. ಆವಿಗೆಗೆ ಎಷ್ಟು ಹೊತ್ತು ಬೆಂಕಿ ಹಾಕುತ್ತಾರೆ, ಎಷ್ಟು ಹತ್ತಿರ ಕೂರುತ್ತಾರೆ ಎಂದೆಲ್ಲ ಮಬ್ರೂಕಾಳನ್ನು ಕೇಳಿದಳಂತೆ. ಹೆಸರು ಹೇಳಲಿಲ್ಲವಂತೆ. ಅಷ್ಟು ಪ್ರಶ್ನೆ ಕೇಳುವವರು ಟ್ಯೂನಿಸಿಯಾದಲ್ಲಿ ಇಬ್ಬರೇ, ಅವರಲ್ಲಿ ಒಬ್ಬ ಮಂಚದ ಮೇಲಿದ್ದ. ನೀವೇಕೆ ಹೇಳಲಿಲ್ಲ?

ಸಾಸಿ


ಟ್ಯೂನಿಸ್
15 ಸೆಪ್ಟೆಂಬರ್ 1982

ಉಸ್ತಾ ಸಾಸಿಯವರಿಗೆ,

ಹೌದು, ನಾನೇ. ಮಬ್ರೂಕಾ ಅವರು ನನ್ನನ್ನು ಮೊದಲು ನೋಡಿರಲಿಲ್ಲ, ಹೆಸರು ಹೇಳಿದರೆ ಎಬ್ಬಿಸಿ ಕಳಿಸುತ್ತಾರೆಂದು ಹೆದರಿದೆ. ಕೂತಿರಬೇಕೆಂದು ಆಸೆಯಿತ್ತು.

ನಿಮ್ಮ ಪ್ರಶ್ನೆಗೆ: ತಲೆಯ ಹಿಂಭಾಗದಲ್ಲಿ ಸಣ್ಣ ಮೆದುಳು ಎಂಬ ಭಾಗವಿದೆ. ಕೈ ಎಷ್ಟು ದೂರ ಚಾಚಬೇಕು, ಎಲ್ಲಿ ನಿಲ್ಲಬೇಕು ಎಂದು ಅಳೆಯುವುದು ಅದು. ವಿಷ ಅಲ್ಲಿ ಗಾಯ ಮಾಡಿದೆ. ರಕ್ತ ಶುದ್ಧವಾದರೂ ಗಾಯ ಉಳಿದಿದೆ. ಒಂದು ವರ್ಷದವರೆಗೆ ಸುಧಾರಿಸಬಹುದು ಎನ್ನುತ್ತಾರೆ ತಿಜಾನಿ, ಪೂರ್ತಿ ಹಿಂದಿನಂತಾಗುವುದು ಅನುಮಾನ. ಅವರು ಕಲಿಸಿದ ಕೈಕಾಲಿನ ಅಭ್ಯಾಸಗಳನ್ನು ಬರೆದು ಕಳಿಸಿದ್ದೇನೆ.

ಲಿಥಿಯಂ ಮತ್ತೆ ಕೊಡಲಾರೆ. ಆದರೆ ಏನೂ ಇಲ್ಲದೆ ಬಿಟ್ಟರೆ ಆ ದೊಡ್ಡ ಗುಡಾಣದ ದಿನಗಳು ಮರಳಿ ಬರುವ ಸಂಭವ ಹೆಚ್ಚು. ಮೂರ್ಛೆರೋಗಕ್ಕೆ ಕೊಡುವ ಒಂದು ಮಾತ್ರೆಯಿದೆ. ನಿಮ್ಮಂಥವರಿಗೂ ಕೆಲಸ ಮಾಡುತ್ತದೆ ಎಂದು ಕೆಲವು ದೇಶಗಳಿಂದ ವರದಿ ಬರುತ್ತಿದೆ. ಅದರಲ್ಲೊಂದು ತೊಡಕು: ಆ ಮಾತ್ರೆಯೇ ತಲೆ ತಿರುಗಿಸುತ್ತದೆ, ಕಾಲು ತೂರಾಡಿಸುತ್ತದೆ. ಈ ವಿಷಯಕ್ಕೆ ನನಗೂ ತಿಜಾನಿಯವರಿಗೂ ಜಗಳವೇ ಆಯಿತು. “ಗಾಯ ಆದ ಜಾಗಕ್ಕೇ ಹೊಡೀತೀರಲ್ಲ” ಎಂದರು. “ತಲೆ ಕೆಟ್ಟ ಮೇಲೆ ಸ್ಥಿರವಾದ ಕೈಯಿಂದ ಏನು ಮಾಡ್ಸ್ತೀರಿ?” ಎಂದೆ. ಕೊನೆಗೆ ಬೆಳಿಗ್ಗೆ, ರಾತ್ರಿ ಕಾಲು ಕಾಲು ಮಾತ್ರೆಯಿಂದ ಶುರು ಮಾಡಿ, ತಿಂಗಳಿಗೊಮ್ಮೆ ಸ್ವಲ್ಪ ಸ್ವಲ್ಪ ಏರಿಸುವುದೆಂದು ಒಪ್ಪಿದೆವು.

ತೆಗೆದುಕೊಳ್ಳುವುದೂ ಬಿಡುವುದೂ ನಿಮ್ಮ ಆಯ್ಕೆ. ಯಾವುದು ಸರಿ ಎಂದು ನನಗೆ ಖಚಿತವಾಗಿ ಗೊತ್ತಿಲ್ಲ.

ನಜೀಹಾ


ಗೆಲ್ಲಾಲಾ
20 ನವೆಂಬರ್ 1982

ಡಾಕ್ಟರ್ ನಜೀಹಾ ಅವರಿಗೆ,

ಒಂದೂವರೆ ತಿಂಗಳು ನಿಮ್ಮ ಹೊಸ ಮಾತ್ರೆಯ ಡಬ್ಬಿ ತೆರೆಯಲೇ ಇಲ್ಲ. ಹೇಳದೆ ಉಳಿದದ್ದರಿಂದ ಏನಾಯಿತೆಂದು ಇಬ್ಬರಿಗೂ ಗೊತ್ತಿರುವುದರಿಂದ ಹೇಳುತ್ತಿದ್ದೇನೆ. ನನಗೆ ಕೈ ಬೇಕಿತ್ತು.

ಅಕ್ಟೋಬರ್ ಕೊನೆಗೆ ನಿದ್ದೆ ಮೂರು ಗಂಟೆಗೆ ಇಳಿಯಿತು. ಸುಸ್ತಿಲ್ಲ. ಗುಡ್ಡದೊಳಗಿನ ಮಣ್ಣಿನ ಸುರಂಗಗಳನ್ನು ಒಂದಕ್ಕೊಂದು ಸೇರಿಸಿದರೆ ಸಮುದ್ರದವರೆಗೆ ದಾರಿಯಾಗುತ್ತದೆ ಎಂದು ಹೊಳೆಯಿತು. ಮಬ್ರೂಕಾಗೆ ವಿವರಿಸಿದೆ, ಬಹಳ ಚೆನ್ನಾಗಿ ವಿವರಿಸಿದೆ. ಪೂರ್ತಿ ಕೇಳಿದಳು. ಆಮೇಲೆ, “ನಿಮ್ಮ ಕಣ್ಣು ಮಿಂಚ್ತಿದೆ” ಎಂದಳು. “ಸಂತೋಷಕ್ಕೆ” ಎಂದೆ. “ಆ ಸಂತೋಷ ನಂಗೊತ್ತು. ಅದ್ರ ಹಿಂದೆ ಫರ್ಹಾತನ ಕಾರು ಬರುತ್ತೆ.”

ಆ ಬಾಗು ಮತ್ತೆ ಕಣ್ಣಮುಂದೆ ಬಂದಿತ್ತು, ಡಾಕ್ಟರಮ್ಮ. ಸ್ಪಷ್ಟವಾಗಿ. ಕೈಯಿಂದ ತೋರಿಸಲು ಹೋದೆ, ಕೈ ಎಲ್ಲೋ ಹೋಯಿತು. ಎದ್ದು ಹೋಗಿ ಡಬ್ಬಿ ತೆರೆದೆ. ಈಗ ಮೂರನೆಯ ವಾರ. ತಲೆ ತಿರುಗುತ್ತದೆ, ನಿದ್ದೆ ಬರುತ್ತದೆ, ಸುರಂಗ ಈಗ ಬರೀ ಸುರಂಗವಾಗಿದೆ. ಕಣ್ಣಿಗೆ ಎಲ್ಲವೂ ಎರಡೆರಡು. ಇಬ್ಬರು ಮಬ್ರೂಕಾರನ್ನು ತಾಳಲಾರೆ, ಸ್ವಲ್ಪ ಇಳಿಸಿ.

ಸಾಸಿ


ಟ್ಯೂನಿಸ್
1 ಡಿಸೆಂಬರ್ 1982

ಉಸ್ತಾ ಸಾಸಿಯವರಿಗೆ,

ಇಳಿಸಿ: ಬೆಳಗಿನದನ್ನು ಬಿಡಿ, ರಾತ್ರಿಯದು ಇರಲಿ. ಎರಡಾಗಿ ಕಾಣುವುದು ಒಂದು ವಾರದಲ್ಲಿ ನಿಲ್ಲಬೇಕು, ನಿಲ್ಲದಿದ್ದರೆ ತಂತಿ ಕೊಡಿ. ಈ ಸಲದ ರಕ್ತ ಸರಿಯಾಗಿ ತಲುಪಿದೆ.

ನೀವು ಡಬ್ಬಿ ತೆರೆದ ವಿಷಯವನ್ನು ತಿಜಾನಿಯವರಿಗೆ ಓದಿ ಹೇಳಿದೆ. ಗೆದ್ದೆ ಎಂದು ಹೇಳಲು ಹೋದವಳು ಹೇಳಲಿಲ್ಲ. ನೀವು ಕಳಿಸಿದ ಹೂಜಿ ಅವರ ಮೇಜಿನ ಮೇಲಿತ್ತು.

ನಜೀಹಾ


ಗೆಲ್ಲಾಲಾ
17 ಫೆಬ್ರವರಿ 1983

ಡಾಕ್ಟರ್ ನಜೀಹಾ ಅವರಿಗೆ,

ಎರಡು ಒಂದಾಯಿತು. ನಿದ್ದೆ ಆರೇಳು ಗಂಟೆ. ಮಾತು ಮಬ್ರೂಕಾಳ ಪ್ರಕಾರ ಜಾಸ್ತಿ, ನನ್ನ ಪ್ರಕಾರ ಸಾಲದು.

ಕೈ ಅರ್ಧ ಬಂದಿದೆ. ಅರ್ಧ ಕೈಗೆ ತಕ್ಕ ಕೆಲಸ ಹುಡುಕಿದೆ. ಕಡಲಿನವರು ಆಕ್ಟೋಪಸ್ ಹಿಡಿಯಲು ಸಣ್ಣ ಮಡಕೆಗಳನ್ನು ಹಗ್ಗಕ್ಕೆ ಕಟ್ಟಿ ನೀರಿಗೆ ಇಳಿಬಿಡುತ್ತಾರೆ. ಅದು ಮನೆ ಸಿಕ್ಕಿತೆಂದು ಒಳಗೆ ಹೋಗಿ ಕೂರುತ್ತದೆ. ಉತ್ತಮ ಕುಂಬಾರರು ಅದನ್ನು ಮಾಡುವುದಿಲ್ಲ, ಕಲಿಯುವವರಿಗೆ ಬಿಡುತ್ತಾರೆ. ನಾನು ಮಾಡುತ್ತಿದ್ದೇನೆ. ಬಾಯಿ ಸೊಟ್ಟಗಿದ್ದರೂ ಆಕ್ಟೋಪಸ್ಸು ಏನೂ ಅನ್ನುವುದಿಲ್ಲ. ನನ್ನ ಮಡಕೆಗೇ ಹೆಚ್ಚು ಬೀಳುತ್ತಿವೆ ಎನ್ನುತ್ತಾನೆ ಒಬ್ಬ ಬೆಸ್ತ. ಸುಳ್ಳಿರಬಹುದು, ನಾನು ವಿಚಾರಿಸಲು ಹೋಗಲಿಲ್ಲ.

ಫರ್ಹಾತ ಹಬ್ಬಕ್ಕೆ ಬರುತ್ತಾನೆ, ಕೂರುತ್ತಾನೆ, ಎದ್ದು ಹೋಗುತ್ತಾನೆ. ನಮ್ಮ ನಡುವೆ ಹೆಂಡದ ಆ ಮಾತು ಹಾಗೇ ಇದೆ.

ಸಾಸಿ


ಟ್ಯೂನಿಸ್
23 ಮೇ 1983

ಉಸ್ತಾ ಸಾಸಿಯವರಿಗೆ,

ಜೂನ್ ನಡುವಿಗೆ ರಮದಾನ್. ಈ ಸಲ ನೀವು ಕೇಳುವ ಮೊದಲೇ ಹೇಳುತ್ತಿದ್ದೇನೆ: ಬೇಡ. ಗಾಯವಾದ ಮೆದುಳಿಗೆ ಬಾಯಾರಿಕೆ ತಡೆಯುವ ಶಕ್ತಿಯಿಲ್ಲ. ಈಚೆಗೆ ಏರಿಸಿದ ಮಾತ್ರೆಯನ್ನೂ ನಡುಹಗಲಿಗೆ ಒಮ್ಮೆ ತೆಗೆದುಕೊಳ್ಳಲೇಬೇಕು. ಇದರಿಂದ ನಿಮಗೇನು ನಷ್ಟವೆಂದು ಈಗ ನನಗೆ ಗೊತ್ತಿದೆ. ಗೊತ್ತಿದ್ದೂ ಹೇಳುತ್ತಿದ್ದೇನೆ.

ಸರ್ಟಿಫಿಕೇಟು ಬೇಕಿದ್ದರೆ ಕಳಿಸುತ್ತೇನೆ, ಮುದ್ರೆಯೊಂದಿಗೆ.

ನಜೀಹಾ


ಗೆಲ್ಲಾಲಾ
22 ಜೂನ್ 1983

ಡಾಕ್ಟರ್ ನಜೀಹಾ ಅವರಿಗೆ,

ಸರ್ಟಿಫಿಕೇಟು ಬೇಡ.

ಶೇಖ್ ಸಾಲಿಹರನ್ನು ಕೇಳಲು ಹೋದೆ. ಕಾಯಿಲೆಯವನಿಗೆ ಉಪವಾಸವಿಲ್ಲ, ಬದಲಿಗೆ ದಿನಕ್ಕೊಬ್ಬ ಬಡವನಿಗೆ ಊಟ ಹಾಕು ಎಂದರು. ಅದು ನನಗೂ ಗೊತ್ತಿತ್ತು. ಆಮೇಲೆ, “ಆವತ್ತು ನಿನ್ನ ಸಲಾಮಿಗೆ ನಾನು ಉತ್ತರ ಕೊಡ್ಲಿಲ್ಲ. ವಅಲೈಕುಮ್ ಸಲಾಂ” ಎಂದರು. ಹನ್ನೊಂದು ತಿಂಗಳ ಮೇಲೆ.

ಆದರೂ ಮೊದಲ ದಿನ ನಡುಹಗಲಿಗೆ ಮಾತ್ರೆ ಹಿಡಿದು ಗುಡ್ಡದ ಸುರಂಗದೊಳಗೆ ಹೋದೆ. ಕತ್ತಲಲ್ಲಿ ಗೋಡೆಗೆ ಒರಗಿ ಕುಡಿದೆ. ಕೆಮ್ಮು ಬಂದು ಅರ್ಧ ನೀರು ಚೆಲ್ಲಿತು. ಹೊರಗೆ ಬಂದರೆ ಮಬ್ರೂಕಾ ನಿಂತಿದ್ದಳು. “ಅಲ್ಲಿ ಅಡಗಿ ಕುಡಿದ್ರೆ ಅದು ಲಾಗ್ಮಿನೇ ಆಗುತ್ತೆ” ಎಂದಳು. “ನಾನು ಬೀದೀಲಿ ಕೂತು ಕುಡಿಸ್ದೆ. ನಿಮಗೆ ಮನೆ ಬಾಗಿಲಲ್ಲಿ ಕೂರೋಕಾಗಲ್ವಾ?”

ಎರಡನೆಯ ದಿನ ಕುಂಬಾರ ಕೋಣೆಯ ಹೊಸ್ತಿಲ ಮೇಲೆ ಕೂತೆ. ಬಾಗಿಲು ಪೂರ್ತಿ ತೆರೆದಿತ್ತು. ಹೂಜಿ ಪಕ್ಕದಲ್ಲಿ, ಮಾತ್ರೆ ಅಂಗೈಯಲ್ಲಿ. ಎದುರು ಅಂಗಡಿಯವರು ನೋಡಿದರು. ಇಬ್ಬರು ಹುಡುಗರು ನಿಂತು, ಏನೋ ಪಿಸುಗುಟ್ಟಿ ಹೋದರು. ನನ್ನ ಕೈ ಹೂಜಿ ದಾಟಿ ಹೋಗುತ್ತಿತ್ತು, ಹೆದರಿಕೆಗೆ ಇನ್ನೂ ಹೆಚ್ಚು. ಅಷ್ಟರಲ್ಲಿ ಫರ್ಹಾತ ಬಂದ. ಬಿಸಿಲಿನಲ್ಲಿ ನಡೆದು ಬಂದಿದ್ದ, ಉಪವಾಸಕ್ಕೆ ತುಟಿ ಒಡೆದಿತ್ತು.

“ಸಾಸಿ, ಔಷಧಿ ಹೊತ್ತಾಯ್ತಾ?” ಎಂದು ಕೇಳಿದ. ಅವನು ಅಷ್ಟು ಗಟ್ಟಿಯಾಗಿ ಮಾತಾಡುವವನಲ್ಲ. ಎದುರು ಅಂಗಡಿಗೂ ಕೇಳಿಸಿತು.

“ಆಯ್ತು” ಎಂದೆ.

ಹೂಜಿ ಎತ್ತಿ ನನ್ನ ಕೈಗೆ ಕೊಟ್ಟ. ಪಕ್ಕದಲ್ಲಿ ಕೂತ. ನಾನು ಮಾತ್ರೆ ನುಂಗಿ ನೀರು ಕುಡಿದೆ, ನಿಧಾನವಾಗಿ. ಅವನು ಬೀದಿಯ ಕಡೆ ನೋಡುತ್ತ ಕೂತಿದ್ದ, ಹೋಗಿ ಬರುವವರ ಸಲಾಮಿಗೆಲ್ಲ ಉತ್ತರ ಕೊಡುತ್ತ. ಮುಗಿದ ಮೇಲೆ ಹೂಜಿಯನ್ನು ನೆರಳಿಗಿಟ್ಟು ಎದ್ದ.

“ನಾಳೆನೂ ಇದೇ ಹೊತ್ತಾ?” ಎಂದ.

“ಇದೇ ಹೊತ್ತು” ಎಂದೆ.

ಇವತ್ತೂ ಬಂದಿದ್ದ.

ಸಾಸಿ